ಗೂಡು ಬಿಚ್ಚುವ ಬೀದಿಗಳು

ಶಿಡ್ಲಘಟ್ಟದ ಹಳೇ ಪೇಟೆಗೆ ತನ್ನದೇ ಆದ ಒಂದು ವಾಸನೆ ಇದೆ. ಕುದಿನೀರಿನಲ್ಲಿ ಮೆತ್ತಗಾದ ರೇಷ್ಮೆಗೂಡು, ಅದರೊಳಗೆ ಬೆಂದ ಹುಳು, ಒಲೆಗೆ ತುರುಕಿದ ಹಸಿ ಸೌದೆಯ ಹೊಗೆ, ಮೋರಿಯಲ್ಲಿ ಮೆಲ್ಲಗೆ ಸರಿಯುವ ಬೂದುಬಣ್ಣದ ನೀರು, ಎಲ್ಲ ಕಲೆತು ಹುಟ್ಟಿದ ಗಾಢವಾದ ವಾಸನೆ. ಹೊಸದಾಗಿ ಬಂದವರು ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ಊರವರು ಹಿಡಿಯುವುದಿಲ್ಲ. ವಾಸನೆ ಬರುತ್ತಿದೆ ಎಂದರೆ ಒಲೆ ಹತ್ತಿದೆ, ಒಲೆ ಹತ್ತಿದೆ ಎಂದರೆ ವಾರದ ಬಟವಾಡೆ ಇದೆ, ಬಟವಾಡೆ ಇದೆ ಎಂದರೆ ಸಂಜೆ ಬೋಂಡದ ಗಾಡಿಯ ಮುಂದೆ ಜನ ನಿಂತಿರುತ್ತಾರೆ. ಚಿಲ್ಲರೆ ಅಂಗಡಿಯ ಸಾಲದ ಪುಸ್ತಕಕ್ಕೂ ಗಾಳಿಯಲ್ಲಿರುವ ಈ ವಾಸನೆಗೂ ನೇರವಾದ ಲೆಕ್ಕವಿದೆ. ಪೇಟೆಯೊಂದು ಉಸಿರಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ಕಡೆ ಸಮೀಕ್ಷೆ ಬೇಕಿಲ್ಲ. ಬೆಳಗಿನ ಹೊತ್ತು ಓಣಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ನಮ್ಮ ಜಿಲ್ಲೆಯ ಪ್ರತಿ ಊರಿನ ಪೇಟೆಗೂ ಒಂದೊಂದು ಸ್ವಭಾವ. ಚಿಂತಾಮಣಿಯದು ಹುಣಸೆಹಣ್ಣು, ಟೊಮೆಟೊ, ಚಿನ್ನಬೆಳ್ಳಿಯ ವ್ಯಾಪಾರದ ಗತ್ತು. ಚಿಕ್ಕಬಳ್ಳಾಪುರಕ್ಕೆ 2007ರಲ್ಲಿ ಜಿಲ್ಲಾ ಕೇಂದ್ರದ ಪಟ್ಟ ಬಂದ ಮೇಲೆ ಕಚೇರಿ, ಕೋರ್ಟು, ವಕೀಲರು, ಜೆರಾಕ್ಸ್ ಅಂಗಡಿಗಳ ಸಡಗರ. ಶಿಡ್ಲಘಟ್ಟ ಮಾತ್ರ ಒಂದೇ ವಸ್ತುವನ್ನು ನೆಚ್ಚಿ ಬದುಕಿದ ಊರು. ಸುತ್ತಲ ಮೇಲೂರು, ಮಳ್ಳೂರು, ಜಂಗಮಕೋಟೆ, ದಿಬ್ಬೂರಹಳ್ಳಿ ಕಡೆಯ ರೈತರು ಹಿಪ್ಪುನೇರಳೆ ಬೆಳೆದು, ಹುಳು ಸಾಕಿ ಗೂಡು ಮಾಡುತ್ತಾರೆ. ಪೇಟೆಯವರು ಆ ಗೂಡು ಕೊಂಡು ನೂಲು ತೆಗೆಯುತ್ತಾರೆ. ನೂಲು ಧರ್ಮಾವರಕ್ಕೆ, ಕಾಂಚೀಪುರಕ್ಕೆ, ಬನಾರಸ್ಸಿಗೆ ಹೋಗುತ್ತದೆ. ಯಾರದೋ ಮದುವೆಯ ಸೀರೆಯಾಗಿ ಮೆರೆಯುವ ಎಳೆ ಮೊದಲು ಕೈಗೆ ಸಿಕ್ಕಿದ್ದು ಈ ಹೊಗೆ ಹಿಡಿದ ಓಣಿಗಳಲ್ಲಿ ಎನ್ನುವುದು ಸೀರೆ ಉಟ್ಟವರಿಗೆ ಗೊತ್ತಿರುವುದಿಲ್ಲ.

ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯನ್ನು ಬೆಳಗ್ಗೆ ನೋಡಬೇಕು. ಟೆಂಪೊ, ಆಟೊ, ಬೈಕಿನ ಹಿಂದೆ ಕಟ್ಟಿದ ಚೀಲ, ಹೀಗೆ ಸಿಕ್ಕಿದ್ದರಲ್ಲಿ ಗೂಡು ಬರುತ್ತದೆ. ರೈತ ಅದನ್ನು ಜಾಲರಿಗೆ ಸುರಿದು, ಕೈಯಾಡಿಸಿ ಹರವಿ, ಕಲೆ ಬಿದ್ದವನ್ನೂ ಜೋಡಿಗೂಡುಗಳನ್ನೂ ಆರಿಸಿ ಪಕ್ಕಕ್ಕಿಡುತ್ತಾನೆ. ಮಿಶ್ರತಳಿಯದಾದರೆ ತಿಳಿಹಳದಿ, ದ್ವಿತಳಿಯದಾದರೆ ಹಾಲುಬಿಳುಪು. ಹುಳು ನಾಲ್ಕು ಸಲ ಪೊರೆ ಕಳಚಿ (ರೈತರ ಮಾತಿನಲ್ಲಿ ನಾಲ್ಕು ಜ್ವರ ಬಂದು ಹೋಗಿ), ಹಣ್ಣಾಗಿ, ಚಂದ್ರಿಕೆಯೆಂಬ ತಟ್ಟಿ ಹತ್ತಿ ಗೂಡು ಕಟ್ಟುವವರೆಗೆ ಮನೆಮಂದಿ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ. ಸೊಪ್ಪು ಒದ್ದೆಯಾದರೆ ಭಯ, ಸೆಕೆ ಹೆಚ್ಚಾದರೆ ಭಯ, ಪಕ್ಕದ ತೋಟಕ್ಕೆ ಔಷಧಿ ಹೊಡೆದರೂ ಭಯ. ಅಷ್ಟು ಭಯವನ್ನು ದಾಟಿ ಬಂದ ಬೆಳೆ ಇವತ್ತು ಜಾಲರಿಯಲ್ಲಿ ಹಗುರವಾಗಿ ಬಿದ್ದಿರುತ್ತದೆ.

ಆಗ ನೂಲು ತೆಗೆಯುವ ರೀಲರು ಬರುತ್ತಾರೆ. ಅವರ ಪರೀಕ್ಷೆಯನ್ನು ಎಷ್ಟು ಹೊತ್ತು ನೋಡಿದರೂ ನನಗೆ ಬೇಸರವಾಗಿಲ್ಲ. ಹಿಡಿಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಕೋಶ ಗಟ್ಟಿಯಾಗಿ ಬಲಿತಿದ್ದರೆ ಗಲಗಲ ಸದ್ದು. ಹಸಿಯಾಗಿದ್ದರೆ ಮಂಕು ಸದ್ದು. ಹೆಬ್ಬೆರಳಿನಿಂದ ಒಂದನ್ನು ಅದುಮುತ್ತಾರೆ, ಮೇಲಿನ ಪೊರೆಯ ನಾರನ್ನು ಚೂರು ಎಳೆದು ನೋಡುತ್ತಾರೆ, ಮುಖದ ಮೇಲೆ ಏನನ್ನೂ ತೋರಿಸದೆ ಮುಂದಿನ ಜಾಲರಿಗೆ ಹೋಗುತ್ತಾರೆ. ರೈತ ಅವರ ಮುಖವನ್ನೇ ನೋಡುತ್ತಿರುತ್ತಾನೆ.

“ಇನ್ನೊಂದ್ ದಿನ ಚಂದ್ರಿಕೇಲಿ ಬಿಡ್ಬೇಕಿತ್ತು ಗೌಡ್ರೇ, ಹಸಿ ಐತೆ.”

“ಹಸಿ ಎಲ್ಲೈತೆ ಭಾಯ್? ಇನ್ನೊಂದ್ಸಲ ಅಲ್ಲಾಡಿಸಿ ನೋಡಿ!”

ಭಾಯ್ ಇನ್ನೊಂದು ಸಲ ಅಲ್ಲಾಡಿಸುತ್ತಾರೆ. ನಗುತ್ತಾರೆ. ಈ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಹೊರಳಿ ಉರ್ದುವಿನಲ್ಲಿ ಮುಗಿಯಬಹುದು, ಯಾರಿಗೂ ಅದು ವಿಶೇಷವೆನಿಸುವುದಿಲ್ಲ. ಗೂಡು ಬೆಳೆಯುವವರಲ್ಲಿ ಒಕ್ಕಲಿಗರು, ದಲಿತರು, ಬಲಜಿಗರು, ಹಲವಾರು ಜಾತಿಯವರು. ನೂಲು ಬಿಚ್ಚುವವರಲ್ಲಿ ಮುಸ್ಲಿಮರು ಬಹಳ. ಇವರಿಲ್ಲದೆ ಅವರಿಲ್ಲ. ನಾನು ಕಂಡಂತೆ ಈ ಊರಿನ ಸೌಹಾರ್ದಕ್ಕೆ ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡಿರುವುದು ಈ ಜಾಲರಿಗಳು.

ಹಿಂದೆ ಹರಾಜು ಎಂದರೆ ಕೂಗು. ಈಗ ಮೊಬೈಲಿನಲ್ಲಿ ಬಿಡ್ಡು, ಎಲೆಕ್ಟ್ರಾನಿಕ್ ತೂಕ, ಹಣ ನೇರ ಬ್ಯಾಂಕಿಗೆ. ತೂಕದಲ್ಲೂ ಲೆಕ್ಕದಲ್ಲೂ ರೈತ ಪಡುತ್ತಿದ್ದ ಪಾಡು ಕಡಿಮೆಯಾಗಿದೆ, ಇದು ನಿಜವಾದ ಸುಧಾರಣೆ. ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕೆಂಬ ವ್ಯವಸ್ಥೆಯ ಹಿಂದೆ 1959ರ ಕಾಯಿದೆ ಇದೆ. ದಲ್ಲಾಳಿ ಹೇಳಿದ್ದೇ ದರವಾಗಬಾರದು, ನಾಲ್ಕು ಜನರ ಮುಂದೆ ಬೆಲೆ ಆಗಬೇಕು ಎಂಬ ಆಶಯ ಅದರದು. ಮೊಬೈಲು ಬಂದ ಮೇಲೂ ಗೂಡು ಅಲ್ಲಾಡಿಸುವ ಕೈ ಮಾತ್ರ ಬದಲಾಗಿಲ್ಲ.

ಮಾರುಕಟ್ಟೆಯಿಂದ ಗೂಡಿನ ಚೀಲದ ಬೆನ್ನು ಹತ್ತಿ ಹೋದರೆ ಓಣಿಗಳು ಸಿಗುತ್ತವೆ. ಎರಡು ಬೈಕು ಎದುರಾದರೆ ಒಂದು ನಿಲ್ಲಬೇಕು. ಕೆಲವು ಮನೆಗಳಿಗೆ ಮಂಗಳೂರು ಹೆಂಚು, ಕೆಲವಕ್ಕೆ ಸಿಮೆಂಟ್ ಶೀಟು, ನಡುವೆ ಒಂದೆರಡು ಮಾಳಿಗೆ ಮನೆಗಳು. ಮುಂದಿನ ಕೋಣೆಯಲ್ಲಿ ಸಂಸಾರ, ಹಿಂದಿನ ಕೊಟ್ಟಡಿಯಲ್ಲಿ ನೂಲು ಬಿಚ್ಚಾಣಿಕೆ. ಒಳಗೆ ಹೋದರೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆವಿ ತುಂಬಿರುತ್ತದೆ. ಬೇಸಿನ್ನಿನ ಮುಂದೆ ಕೂತ ಅಕ್ಕ ಬಿಸಿನೀರಿನಲ್ಲಿ ತೇಲುವ ಗೂಡುಗಳನ್ನು ಕೆದಕಿ ಎಳೆಯ ತುದಿ ಹುಡುಕುತ್ತಾಳೆ. ಒಂದು ಎಳೆ ಕಣ್ಣಿಗೆ ಕಾಣುವುದೇ ಕಷ್ಟ. ಎಂಟು ಹತ್ತು ಎಳೆ ಸೇರಿಸಿ, ಒಂದಕ್ಕೊಂದು ಸುತ್ತಿ ಹುರಿಗೊಳಿಸಿ, ಮೇಲಿನ ರಾಟೆಗೆ ಏರಿಸುತ್ತಾಳೆ. ಒಂದು ಗೂಡು ಮುಗಿಯುತ್ತಾ ಬಂತೆಂದರೆ ಎಳೆ ತೆಳ್ಳಗಾಗುತ್ತದೆ. ಅದು ಕಡಿಯುವ ಮುಂಚೆ ಇನ್ನೊಂದು ಗೂಡಿನ ತುದಿಯನ್ನು ಬೆರಳಿನಿಂದ ಮೀಟಿ ಅದಕ್ಕೆ ಅಂಟಿಸಬೇಕು. ಈ ಮೀಟುವ ಚಲನೆಯನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಆಕೆ ಪಕ್ಕದವಳ ಜೊತೆ ಮಾತಾಡುತ್ತಲೇ ಇರುತ್ತಾಳೆ, ದೃಷ್ಟಿ ಬಾಗಿಲ ಕಡೆಗಿರುತ್ತದೆ, ಎಳೆಗೆ ಎಳೆ ಸೇರುತ್ತಲೇ ಇರುತ್ತದೆ. ಒಳ್ಳೆಯ ಗೂಡಿನ ಎಳೆ ಬಿಚ್ಚಿ ಹರಡಿದರೆ ಕಿಲೋಮೀಟರಿನ ಹತ್ತಿರಕ್ಕೆ ಬರುತ್ತದೆ. ಒಂದು ಕಿಲೋ ನೂಲಿಗೆ ಆರೇಳು ಕಿಲೋ ಗೂಡು ಬೇಕು. ಅಷ್ಟೂ ಉದ್ದ ಆ ಎರಡು ಬೆರಳುಗಳ ನಡುವೆ ಹಾದು ಹೋಗಿರುತ್ತದೆ. ಸಂಜೆ ಕೈ ನೋಡಿದರೆ ಬೆರಳ ತುದಿಗಳು ಬೆಳ್ಳಗೆ ನೆನೆದು ನೆರಿಗೆ ಕಟ್ಟಿರುತ್ತವೆ.

ಒಂದು ಕಾಲದಲ್ಲಿ ಈ ಬಿಸಿನೀರಿನಲ್ಲಿ ಮಕ್ಕಳ ಕೈಯೂ ಇತ್ತು. ಮುಂಗಡ ಹಣಕ್ಕೆ ಒಪ್ಪಿಸಿದ ಮಕ್ಕಳು. ರೇಷ್ಮೆಯ ಊರುಗಳ ಚರಿತ್ರೆಯಲ್ಲಿ ಇದನ್ನು ಬಿಟ್ಟು ಬರೆಯಬಾರದು. ಪೇಟೆಯ ಹಳೆಯ ವೈಭವ ಮರಳಲಿ ಎಂದು ಯಾರಾದರೂ ಹೇಳಿದಾಗ ನನಗೆ ಒಳಗೊಳಗೇ ಅಳುಕು. ಹಳೆಯದರಲ್ಲಿ ಮರಳಿ ಬರಬೇಕಾದ್ದೂ ಇದೆ, ಯಾವತ್ತೂ ಮರಳಿ ಬರಬಾರದ್ದೂ ಇದೆ.

ಮೈಸೂರು ಸೀಮೆಯ ರೇಷ್ಮೆಯ ಕತೆ ಟಿಪ್ಪುವಿನಿಂದ ಶುರುವಾಗುತ್ತದೆ. 1896ರಲ್ಲಿ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ಪದ್ಧತಿಯ ರೇಷ್ಮೆ ತೋಟ ಮಾಡಿದರು. ನಮ್ಮ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಮೈಸೂರು ಸರ್ಕಾರ ಇಟಲಿಯಿಂದ ರೇಷ್ಮೆ ತಜ್ಞರನ್ನು ಕರೆಸಿಕೊಂಡಿತು. ಅದೇ ಕಾಲಕ್ಕೆ ಯಶವಂತಪುರದ ಕಡೆಯಿಂದ ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದವರೆಗೆ ಎರಡೂವರೆ ಅಡಿ ಅಗಲದ ಸಣ್ಣ ರೈಲು ಬಂತು. ಬಯಲುಸೀಮೆಯ ನಡುವೆ ಹೊಗೆ ಬಿಡುತ್ತಾ ನಿಧಾನವಾಗಿ ಹೋಗುತ್ತಿದ್ದ ಆ ರೈಲಿನ ಬಗ್ಗೆ ಹಿರಿಯರಿಗೆ ಈಗಲೂ ಅಪಾರ ಅಕ್ಕರೆ. ಇಳಿದು ಮೂತ್ರ ಮಾಡಿ ಓಡಿ ಹತ್ತಬಹುದಿತ್ತು ಎಂದು ಪ್ರತಿಯೊಬ್ಬರೂ ಹೇಳುತ್ತಾರೆ. ಆಮೇಲೆ ಅದು ನಿಂತಿತು. ಚಿಕ್ಕಬಳ್ಳಾಪುರದಿಂದ ಕೋಲಾರದ ಕಡೆಗೆ ದೊಡ್ಡ ಹಳಿಯ ರೈಲು ಓಡಿದ್ದು 2013ರಲ್ಲಿ. ಅಷ್ಟರಲ್ಲಿ ವ್ಯಾಪಾರ ರಸ್ತೆಗೆ ಬಂದಾಗಿತ್ತು.

ಪೇಟೆ ಸೊರಗಿದ್ದು ಒಂದೇ ದಿನದಲ್ಲಲ್ಲ. ಮೊದಲು ನೀರು ಇಳಿಯಿತು. ಸದಾ ಹರಿಯುವ ನದಿಯಿಲ್ಲದ ಸೀಮೆ ನಮ್ಮದು, ಕೆರೆ ಒಣಗಿ ಕೊಳವೆಬಾವಿ ಸಾವಿರ ಅಡಿ ದಾಟಿತು. ಆಮೇಲೆ ಚೀನಾದ ನೂಲು ಬಂತು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದ್ದು ನಮ್ಮ ಓಣಿಗಳ ಒಲೆಗಳ ಮೇಲೆ ನೀರು ಸುರಿದ ಹಾಗಾಯಿತು. ಗೂಡಿನ ಬೆಲೆ ಕುಸಿಯಿತು, ರೈತರು ರಸ್ತೆಗಿಳಿದರು, ಕೆಲವರು ಹಿಪ್ಪುನೇರಳೆ ಕಿತ್ತು ತರಕಾರಿ ಹಾಕಿದರು. ಪೇಟೆಯಲ್ಲಿ ಚಿಕ್ಕ ಘಟಕಗಳು ಒಂದೊಂದಾಗಿ ಬಾಗಿಲು ಹಾಕಿದವು. ಹುಡುಗರು ದೇವನಹಳ್ಳಿಯ ಏರ್‌ಪೋರ್ಟಿನ ಕಡೆ ಕೆಲಸ ಹುಡುಕಿಕೊಂಡು ಹೋದರು. ಒಲೆ ಆರಿದ ಕೊಟ್ಟಡಿ ಬೇಗ ಹಾಳಾಗುತ್ತದೆ. ದಿನಾ ಹೊಗೆ ಕುಡಿಯುತ್ತಿದ್ದ ತೊಲೆಗೆ ಗೆದ್ದಲು ಹತ್ತುತ್ತದೆ. ಮೊದಲು ಹೆಂಚು ಜಾರುತ್ತದೆ, ಮಳೆಗಾಲಕ್ಕೆ ಗೋಡೆ ಕೂರುತ್ತದೆ, ಆಮೇಲೆ ಅದು ಓಣಿಯ ಕಸದ ಜಾಗ. ಒಂದು ಮನೆ ಬಿದ್ದರೆ ಪಕ್ಕದ ಎರಡು ಮನೆಯವರು ಊರಾಚೆ ಸೈಟು ನೋಡುತ್ತಾರೆ.

ಕೊರೊನಾದ ವರ್ಷ ಎಲ್ಲವೂ ಮುಗಿದೇ ಹೋಯಿತು ಅಂದುಕೊಂಡಿದ್ದೆವು. ಆದರೆ ಚೀನಾದಿಂದ ನೂಲು ಬರುವುದು ಕಡಿಮೆಯಾಗಿ 2021ರ ಕೊನೆಗೆ ರಾಮನಗರದಲ್ಲಿ ಕಿಲೋ ಗೂಡು ಸಾವಿರ ರೂಪಾಯಿ ದಾಟಿದ ಸುದ್ದಿ ಬಂತು. ಶಿಡ್ಲಘಟ್ಟದಲ್ಲೂ ದರ ಏರಿತು. ಮುಚ್ಚಿದ್ದ ಕೆಲವು ಬಾಗಿಲುಗಳು ತೆರೆದವು. ಬೆಂಗಳೂರಿನ ಹೆಬ್ಬಾಳ, ನಾಗವಾರದ ಕಣಿವೆಗಳಿಂದ ಸಂಸ್ಕರಿಸಿದ ನೀರನ್ನು ಪೈಪಿನಲ್ಲಿ ತಂದು ಜಿಲ್ಲೆಯ ಕೆರೆಗಳಿಗೆ ಬಿಟ್ಟಿದ್ದರಿಂದ ಕಂದವಾರ ಕೆರೆಯಂಥ ಕೆರೆಗಳಲ್ಲಿ ನೀರು ನಿಂತಿತು. ಆ ನೀರಿನ ಶುದ್ಧಿಯ ಬಗ್ಗೆ ನಮ್ಮ ಜನ ಎತ್ತುತ್ತಿರುವ ಪ್ರಶ್ನೆ ನ್ಯಾಯವಾದದ್ದು, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು. ಹಾಗಿದ್ದೂ, ಒಣಗಿದ ಕೆರೆಯಂಗಳದಲ್ಲಿ ಜಾಲಿ ಬೆಳೆದದ್ದನ್ನೇ ನೋಡಿದ್ದ ಕಣ್ಣಿಗೆ ನೀರು ಕಂಡ ಸಂತೋಷವನ್ನು ಸುಳ್ಳು ಎನ್ನಲಾರೆ.

ಈಗ ಪೇಟೆಯ ಅಭಿವೃದ್ಧಿಯ ಮಾತು ಮತ್ತೆ ಬಂದಿದೆ. ಹೈಟೆಕ್ ಗೂಡು ಮಾರುಕಟ್ಟೆಯ ಘೋಷಣೆಯಾಗಿದೆ. ನಾನು ಅದಕ್ಕೆ ವಿರೋಧಿಯಲ್ಲ. ಗೂಡು ತಂದ ರೈತ ರಾತ್ರಿ ಮಲಗಲು ಜಾಗ, ಹೆಣ್ಣುಮಕ್ಕಳಿಗೆ ಶೌಚಾಲಯ, ಲಾರಿ ತಿರುಗಲು ಅಂಗಳ, ಗೂಡಿಗೆ ಗಾಳಿ ಬೆಳಕು ಎಲ್ಲವೂ ಬೇಕು, ಹಳೆಯ ಕಟ್ಟಡದಲ್ಲಿ ಅದು ಸಾಲದು. ನನ್ನ ಚಿಂತೆ ಹೊಸ ಮಾರುಕಟ್ಟೆಯದಲ್ಲ, ಅದು ಆದ ಮರುದಿನದ ಹಳೇ ಪೇಟೆಯದು. ಗೂಡಿನ ಚೀಲ ಹೊರುವವನು ಅಲ್ಲಿಗೆ ಹೋಗುತ್ತಾನೆ, ಅವನ ಹಿಂದೆ ಟೀ ಅಂಗಡಿ, ಟೀ ಅಂಗಡಿಯ ಹಿಂದೆ ಪಂಕ್ಚರ್ ಅಂಗಡಿ. ಓಣಿಯ ಚಿಕ್ಕ ರೀಲರು ಸೈಕಲ್ಲಿನಲ್ಲಿ ಒಂದು ಚೀಲ ತಳ್ಳಿಕೊಂಡು ಬರುತ್ತಿದ್ದವರು ಆಟೊ ಬಾಡಿಗೆ ಕೊಡಬೇಕಾಗುತ್ತದೆ. ದೊಡ್ಡ ಸ್ವಯಂಚಾಲಿತ ಯಂತ್ರ ಇಟ್ಟವರಿಗೆ ಆ ಬಾಡಿಗೆ ಲೆಕ್ಕಕ್ಕಿಲ್ಲ. ಎರಡು ಬೇಸಿನ್ನಿನ ಮನೆಗೆ ಅದು ಆ ದಿನದ ಲಾಭ.

ನಮ್ಮ ಊರುಗಳಲ್ಲಿ ಪೇಟೆಯ ಉದ್ಧಾರವೆಂದರೆ ಸಾಮಾನ್ಯವಾಗಿ ರಸ್ತೆ ಅಗಲ ಮಾಡುವುದು ಎಂದಾಗಿದೆ. ಅರ್ಧ ಕೊಯ್ದ ಮನೆಗಳು, ಬೀದಿಗೆ ತೆರೆದ ದೇವರಕೋಣೆ, ಗೋಡೆಯಲ್ಲಿ ಉಳಿದ ಕ್ಯಾಲೆಂಡರಿನ ಮೊಳೆ, ವರ್ಷಗಟ್ಟಲೆ ಹಾಗೇ ಇರುವುದನ್ನು ಯಾವ ತಾಲ್ಲೂಕಿನಲ್ಲಿ ಕಂಡಿಲ್ಲ? ಅಗಲವಾದ ರಸ್ತೆಯಲ್ಲಿ ಕಾರು ನಿಲ್ಲುತ್ತದೆ, ಗಿರಾಕಿ ನಿಲ್ಲುವುದಿಲ್ಲ.

ಬೇರೆ ದಾರಿ ಹಿಡಿದ ಊರುಗಳೂ ಇವೆ. ಫ್ರಾನ್ಸಿನ ಲಿಯಾನ್ ಕೂಡ ರೇಷ್ಮೆಯ ಊರೇ. ಅಲ್ಲಿನ ಕ್ರೋವಾ ರೂಸ್ ಎಂಬ ಗುಡ್ಡದ ಮೇಲಿನ ಬಡಾವಣೆಯಲ್ಲಿ ಮನೆಗಳ ಚಾವಣಿ ನಾಲ್ಕು ಮೀಟರಿನಷ್ಟು ಎತ್ತರ. ಜಕಾರ್ಡ್ ಮಗ್ಗ ಒಳಗೆ ನಿಲ್ಲಲೆಂದೇ ಹಾಗೆ ಕಟ್ಟಿದ್ದು. ಮನೆಗಳ ಹೊಟ್ಟೆಯೊಳಗಿಂದ ಹಾದುಹೋಗುವ ಓಣಿದಾರಿಗಳಿವೆ, ಮಳೆಯಲ್ಲಿ ರೇಷ್ಮೆ ನೆನೆಯದಂತೆ ಸಾಗಿಸಲು ಅವು ಒದಗುತ್ತಿದ್ದವು. ಅದೇ ಊರಿನ ಹಳೇ ಪೇಟೆಯ ಮೂಲಕ ದೊಡ್ಡ ರಸ್ತೆ ತೆಗೆಯುವ ಯೋಜನೆಯೂ ಬಂದಿತ್ತು. ಜನ ಬಿಡಲಿಲ್ಲ. 1962ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಹೆಸರಿನ ಕಾನೂನು ಬಂತು, 1964ರಲ್ಲಿ ಲಿಯಾನಿನ ಹಳೇ ಪೇಟೆ ಆ ಕಾನೂನಿನಡಿ ರಕ್ಷಣೆ ಪಡೆದ ಮೊದಲ ಬಡಾವಣೆಯಾಯಿತು. ಜಪಾನಿನ ತೊಮಿಯೊಕದಲ್ಲಿ 1872ರಲ್ಲಿ ಸರ್ಕಾರವೇ ಕಟ್ಟಿಸಿದ ನೂಲು ಬಿಚ್ಚಾಣಿಕೆ ಕಾರ್ಖಾನೆ 1987ರಲ್ಲಿ ನಿಂತಿತು. ಆಗಿನ ಮಾಲೀಕರಾದ ಕತಕುರ ಕಂಪನಿ ಅದನ್ನು ಮಾರಲೂ ಇಲ್ಲ, ಬಾಡಿಗೆಗೂ ಕೊಡಲಿಲ್ಲ, ಕೆಡವಲೂ ಇಲ್ಲ. ಹದಿನೆಂಟು ವರ್ಷ ತನ್ನ ಖರ್ಚಿನಲ್ಲಿ ಕಾಪಾಡಿ 2005ರಲ್ಲಿ ಊರಿಗೆ ಒಪ್ಪಿಸಿತು. 2014ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಇವೆರಡೂ ನನಗೆ ಗೌರವ ತರಿಸುವ ಕೆಲಸಗಳು. ಆದರೆ ಎರಡು ಕಡೆಯೂ ಉಳಿದದ್ದು ಗೋಡೆ. ಕ್ರೋವಾ ರೂಸಿನ ಎತ್ತರದ ಚಾವಣಿಯ ಕೆಳಗೆ ಈಗ ಮಗ್ಗದ ಸದ್ದು ಕೇಳುವುದು ಅಪರೂಪ, ಅಲ್ಲಿರುವುದು ಉಳ್ಳವರ ಮನೆಗಳು. ತೊಮಿಯೊಕದ ಯಂತ್ರಗಳ ಮುಂದೆ ನಿಲ್ಲುವವರು ಪ್ರವಾಸಿಗಳು. ಶಿಡ್ಲಘಟ್ಟದ ಗೋಡೆಗಳಲ್ಲಿ ಅಂಥ ಅಂದವಿಲ್ಲ, ಆದರೆ ಒಲೆ ಆರಿಲ್ಲ. ಬೇರೆ ಊರುಗಳು ಕಳೆದುಕೊಂಡ ಮೇಲೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವುದು ನಮ್ಮಲ್ಲಿ ಇನ್ನೂ ಬಿಸಿಬಿಸಿಯಾಗಿ ನಡೆಯುತ್ತಿದೆ. ಆದ್ದರಿಂದ ಇಲ್ಲಿ ಪೇಟೆಯನ್ನು ಎತ್ತಿ ನಿಲ್ಲಿಸುವ ಕೆಲಸ ಬಣ್ಣ ಬಳಿಯುವುದರಿಂದಲೂ ಕಮಾನು ಕಟ್ಟುವುದರಿಂದಲೂ ಶುರುವಾಗಬೇಕಿಲ್ಲ. ಒಲೆಯ ಮುಂದೆ ಕೂತವರಿಂದ ಶುರುವಾಗಬೇಕು.

ಹಾಗೆ ಕೂತ ಒಬ್ಬ ಅಕ್ಕನನ್ನು ಕೇಳಿದೆ. ಸರ್ಕಾರ ಪೇಟೆಗೆ ದುಡ್ಡು ಕೊಟ್ಟರೆ ಮೊದಲು ಏನು ಆಗಬೇಕು? ಆಕೆ ಎಳೆ ಬಿಡದೆ ಹೇಳಿದಳು: “ಮೋರಿ ಮುಚ್ಚಿಸ್ಲಿ ಅಣ್ಣ. ಹುಳದ ನೀರು ನಿಂತ್ಕಂಡು ಸೊಳ್ಳೆ. ಆಮೇಲೆ ನಮ್ಗೆ ಅಂತ ಒಂದು ಕಕ್ಕಸು. ಹೊಗೆ ಹೋಗಾಕೆ ಒಂದು ದಾರಿ. ಅಷ್ಟೇ, ದೊಡ್ಡದು ಏನೂ ಬೇಡ.”

ಆಕೆ ಕೇಳಿದ ಮೂರರಲ್ಲಿ ಒಂದೂ ಅಸಾಧ್ಯವಲ್ಲ. ಹತ್ತು ಹದಿನೈದು ಮನೆಗಳಿಗೆ ಸೇರಿ ಒಂದು ಬಾಯ್ಲರ್ ಇಟ್ಟು ಕೊಳವೆಯಲ್ಲಿ ಆವಿ ಕೊಟ್ಟರೆ ಮನೆಮನೆಯ ಸೌದೆ ಹೊಗೆ ತಪ್ಪುತ್ತದೆ. ಗೂಡು ಬೇಯಿಸಿದ ನೀರು ಪ್ರತ್ಯೇಕ ಚರಂಡಿಯಲ್ಲಿ ಹೋಗಿ ಶುದ್ಧವಾಗಿ ಹೊರಬೀಳಬಹುದು. ಆಗ ಪೇಟೆಯ ಮೋರಿ ಗೌಡನ ಕೆರೆಗೆ, ಅಮ್ಮನ ಕೆರೆಗೆ ಶತ್ರುವಾಗುವುದಿಲ್ಲ. ಉಳಿದ ಹುಳು ಕೋಳಿ, ಮೀನಿನ ಆಹಾರಕ್ಕೆ, ಎಣ್ಣೆಗೆ ಹೋಗುತ್ತದೆ, ಅದು ಬಯಲಲ್ಲಿ ಕೊಳೆಯಬೇಕಾದ್ದಿಲ್ಲ. ವಾಸನೆ ಕಡಿಮೆಯಾದರೆ ನನಗೆ ಬೇಸರವೇನೂ ಇಲ್ಲ, ನೂಲು ನಿಲ್ಲದಿದ್ದರೆ ಸಾಕು.

ಹಳೆಯ ಕಟ್ಟಡ ಉಳಿಸುವುದರಲ್ಲೂ ನಂದಿ ಬೆಟ್ಟದ ಕಡೆಯ ಹಳಿಯ ಮೇಲೆ ಒಂದು ಒಳ್ಳೆಯ ಕೆಲಸವಾಗಿದೆ. ಸಣ್ಣ ರೈಲಿನ ಕಾಲದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ನಿಲ್ದಾಣಗಳು ಪಾಳುಬಿದ್ದು ಕೂತಿದ್ದವು. ಪರಂಪರೆ ಕಾಪಾಡುವ ಇಂಟ್ಯಾಕ್ ಸಂಸ್ಥೆಯವರು ಅವನ್ನು ಕೈಗೆತ್ತಿಕೊಂಡು, ಹಳೆಯ ಗೋಡೆ ಹಳೆಯ ಹೆಂಚಿನ ಮರ್ಯಾದೆ ಕೆಡದಂತೆ ದುರಸ್ತಿ ಮಾಡಿಸಿದರು. ಕೆಡವದೆಯೂ ಕಟ್ಟಬಹುದು ಎಂಬ ತಿಳಿವಳಿಕೆ ನಮ್ಮ ಜಿಲ್ಲೆಗೆ ದೂರದಿಂದ ಬರಬೇಕಿಲ್ಲ, ಇದೇ ಹಳಿಯ ಮೇಲಿದೆ.

ಹಳೆಯ ಮಾರುಕಟ್ಟೆಯ ಕಟ್ಟಡಕ್ಕೂ ಹಾಗೇ ಹೊಸ ಕೆಲಸ ಹುಡುಕಬಹುದು. ಶಿಡ್ಲಘಟ್ಟದಲ್ಲಿ ಅತಿಥಿಗಳು ಬಂದರೆ ರೇಷ್ಮೆಗೂಡಿನ ಹಾರ ಹಾಕುವ ರೂಢಿಯಿದೆ. ನೂಲಿಗೆ ಬಾರದ ಗೂಡನ್ನು ಕತ್ತರಿಸಿ, ಬಣ್ಣ ಹಾಕಿ, ಹೂವಿನಂತೆ ಪೋಣಿಸುತ್ತಾರೆ. ವರ್ಷಗಟ್ಟಲೆ ಬಾಡುವುದಿಲ್ಲ. ಅದನ್ನು ಕಟ್ಟುವ ಹೆಣ್ಣುಮಕ್ಕಳಿಗೆ ಕೂತು ಮಾರಲು ಒಂದು ಜಾಗವಿಲ್ಲ. ಗೂಡು ಹೊಸ ಮಾರುಕಟ್ಟೆಗೆ ಹೋದ ಮೇಲೆ ಹಳೆಯದರಲ್ಲಿ ಅವರಿಗೊಂದು ಸಾಲು ಮಳಿಗೆ ಕೊಡಬಹುದು. ಚಿಕ್ಕ ರೀಲರು ನೂಲು ತಂದು ಪರೀಕ್ಷೆ ಮಾಡಿಸಿ ಅಲ್ಲೇ ಮಾರಬಹುದು. ಬೇಸಿನ್ನಿನ ಮುಂದೆ ಕೂರುವ ತಾಯಂದಿರ ಮಕ್ಕಳಿಗೆ ಒಂದು ಶಿಶುವಿಹಾರ ಅಲ್ಲಿರಲಿ, ಆ ಮಕ್ಕಳ ಕೈ ಸ್ಲೇಟಿನ ಮೇಲಿರಲಿ. ಹೊಸ ಮಾರುಕಟ್ಟೆಯಿಂದ ಪೇಟೆಯವರೆಗೆ ಬೆಳಗಿನ ಹೊತ್ತು ಗೂಡು ತರಲು ನಗರಸಭೆಯೇ ಒಂದೆರಡು ಗಾಡಿ ಓಡಿಸಿದರೆ ಎರಡು ಬೇಸಿನ್ನಿನ ಮನೆಯೂ ಉಳಿಯುತ್ತದೆ. ನಕ್ಷೆ ಬರೆಯುವ ಇಂಜಿನಿಯರುಗಳು ಅದಕ್ಕೆ ಮುಂಚೆ ಹರಾಜು ಮುಗಿದ ಹೊತ್ತಿಗೆ ಒಂದು ಗೂಡಿನ ಚೀಲದ ಹಿಂದೆ ನಡೆದು ಬರಲಿ, ಅದು ಯಾವ ಓಣಿಗೆ ತಿರುಗುತ್ತದೆ, ಯಾವ ಬಾಗಿಲ ಮುಂದೆ ಇಳಿಯುತ್ತದೆ, ಅಲ್ಲಿ ಎಷ್ಟು ಜನ ಕಾಯುತ್ತಿರುತ್ತಾರೆ ಎಂದು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಲಿ.